ಬರ್ತೀನಿ ಅನ್ನುವ ಮಾತು

ಮೊದಲು ಕಾಲು ಊದಿತು. ಚಪ್ಪಲಿಯೊಳಗೆ ಕಾಲು ತೂರಲಿಲ್ಲ. ವಯಸ್ಸಾಯಿತಲ್ಲ, ಅಂದುಕೊಂಡೆ. ಡಾಕ್ಟರು ರಿಪೋರ್ಟ್ ನೋಡಿ, ನನ್ನ ಮಗಳ ಕಡೆ ತಿರುಗಿ, ಎರಡು ಕಿಡ್ನಿಯೂ ಕೆಟ್ಟಿವೆ ಎಂದರು.

ನನ್ನ ಕಡೆ ತಿರುಗಲಿಲ್ಲ.

ಅಂದಿನಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್. ಅಣ್ಣಾ ನಗರದ ಮನೆಯಲ್ಲಿ ಮಗಳು, ಅಳಿಯ, ಮೊಮ್ಮಗಳು ಎಲ್ಲರೂ ಇದ್ದಾರೆ. ನನಗೆ ನೀರನ್ನು ಅಳೆದು ಕೊಡುತ್ತಾರೆ, ಮಾತನ್ನೂ ಹಾಗೆಯೇ. ನಾನು ಕನ್ನಡದಲ್ಲಿ ಏನಾದರೂ ಕೇಳಿದರೆ ಮೊಮ್ಮಗಳು ತಮಿಳಿನಲ್ಲಿ "ಸರಿ ಪಾಟಿ", ಸರಿ ಅಜ್ಜಿ, ಎಂದು ಬಾಗಿಲು ಹಾಕಿಕೊಳ್ಳುತ್ತಾಳೆ. ಯಾರದೂ ತಪ್ಪಿಲ್ಲ. ಆದರೂ ನಾನು ಸತ್ತರೆ ಎಲ್ಲರಿಗೂ ಹಗುರ ಎಂಬ ಯೋಚನೆ ಒಂದು ದಿನ ಬಂದು ಕೂತಿತು. ಎದ್ದು ಹೋಗಲಿಲ್ಲ.

ಡಯಾಲಿಸಿಸ್‌ನಲ್ಲಿ ಪಕ್ಕದ ಹಾಸಿಗೆ ತಿರುವೊಟ್ಟಿಯೂರಿನ ಮೇರಿಯದು. ನನ್ನ ವಯಸ್ಸಿನವಳೇ. ನಾನು ಮಡಿ ಹೆಂಗಸೆಂದು ಗೊತ್ತಾದ ಮೇಲೆ ಬೇಕೆಂದೇ ಮೀನಿನ ಸಾರಿನ ವರ್ಣನೆ ಶುರುಮಾಡುವಳು. ನಾನು ಮೂಗು ಮುರಿದರೆ ಅವಳಿಗೆ ಹಬ್ಬ.

ಒಂದು ಸಂಜೆ ಹೊರಡುವಾಗ ಅವಳಿಗೆ "ಪೋರೇನ್" ಎಂದುಬಿಟ್ಟೆ. ಹೋಗ್ತೀನಿ, ಅಷ್ಟೆ. ತಮಿಳಾಗಲಿ ಕನ್ನಡವಾಗಲಿ, ಹೊರಡುವವರು ಬರ್ತೀನಿ ಅನ್ನಬೇಕು. ನನಗೆ ಬರುವ ಮನಸ್ಸಿರಲಿಲ್ಲ.

ಮೇರಿ ನನ್ನ ಸೆರಗು ಹಿಡಿದಳು. "ವರೇನ್‌ನು ಸೊಲ್ಲು, ಮಾಮಿ." ಬರ್ತೀನಿ ಅನ್ನು.

ಅನ್ನುವ ಬದಲು ಅತ್ತುಬಿಟ್ಟೆ.

ಅವಳೇ ನರ್ಸನ್ನು ಕೂಗಿದಳು. ಡಾಕ್ಟರು ಬಂದು, ಈ ಸಲ ನನ್ನನ್ನೇ ನೋಡಿ, ಸಾಯಬೇಕು ಅನ್ನಿಸುತ್ತಿದೆಯಾ ಎಂದು ನೇರವಾಗಿ ಕೇಳಿದರು. ಹೌದು ಎಂದೆ. ಕರೆದೊಯ್ಯಲು ಬಂದಿದ್ದ ಮಗಳು ಬಾಗಿಲಲ್ಲೇ ನಿಂತುಬಿಟ್ಟಳು.

"ನನ್ ಹತ್ರ ಯಾಕಮ್ಮ ಹೇಳ್ಲಿಲ್ಲ?"

"ನೀನು ಬಿಪಿ ಕೇಳ್ತೀಯ, ಶುಗರ್ ಕೇಳ್ತೀಯ. ಇದನ್ನ ಕೇಳ್ಲೇ ಇಲ್ವಲ್ಲ."

ಕೌನ್ಸೆಲಿಂಗ್ ಶುರುವಾಯಿತು, ಇನ್ನೊಂದು ಮಾತ್ರೆಯೂ ಸೇರಿತು. ಪ್ರತಿ ಸಲ ಹೊರಡುವಾಗ ಮೇರಿ ನನ್ನಿಂದ "ವರೇನ್" ಅನ್ನಿಸಿಯೇ ಬಿಡುತ್ತಿದ್ದಳು. ಈಗ ಮಗಳು ನನ್ನ ಪಕ್ಕದಲ್ಲೇ ಕೂತು ಊಟ ಮಾಡುತ್ತಾಳೆ. ಆ ಯೋಚನೆ ಪೂರ್ತಿ ಹೋಗಿಲ್ಲ. ಬಂದರೆ ಬಂದಿದೆ ಎಂದು ಅವಳಿಗೆ ಹೇಳಿಬಿಡುತ್ತೇನೆ, ಅವಳು ತಟ್ಟೆ ಬಿಟ್ಟು ಏಳದೆ ಕೇಳಿಸಿಕೊಳ್ಳುತ್ತಾಳೆ.

ಹೋದ ತಿಂಗಳು "ವರೇನ್" ಎಂದು ಹೋದ ಮೇರಿ ಬರಲಿಲ್ಲ.

ಮನೆಯಲ್ಲೇ ಹಾರ್ಟ್ ನಿಂತಿತಂತೆ. ನನ್ನಿಂದ ಮಾತು ತೆಗೆದುಕೊಂಡು ತಾನೇ ತಪ್ಪಿದಳಲ್ಲ ಎಂದು ಸಿಟ್ಟು ಬಂತು. ಆಮೇಲೆ ಬರಿಯ ಸಂಕಟ. ಅದು ಇನ್ನೂ ಇದೆ.

ಅವಳ ಹಾಸಿಗೆಗೆ ಹೊಸ ಹೆಂಗಸು ಬಂದಿದ್ದಾರೆ, ವಯಸ್ಸಾದವರು. ಗೋಡೆಯ ಕಡೆ ತಿರುಗಿ ಮಲಗುತ್ತಾರೆ. ನಿನ್ನೆ ಒಂದು ಮಾತೂ ಆಡದೆ ಹೊರಟರು. ನಾನು ಸೆರಗು ಹಿಡಿದೆ.

"ವರೇನ್‌ನು ಸೊಲ್ಲುಂಗೊ."

ಯಾವ ಹುಚ್ಚಿ ಇವಳು ಎಂಬಂತೆ ನೋಡಿದರು. ಸೆರಗು ಬಿಡಲಿಲ್ಲ ನಾನು. ಕೊನೆಗೆ, ಬೇಸರದಿಂದಲೇ, ಹೇಳಿದರು.