ಬೆನ್ನಿನ ಗುಂಡಿಗಳು

ಅವರ ಬಲಭುಜ ಎಡಭುಜಕ್ಕಿಂತ ಒಂದು ಬೆರಳಿನಷ್ಟು ಮೇಲಿತ್ತು. ಕತ್ತಿನ ಬುಡದಲ್ಲಿ ಎಳ್ಳಿನಷ್ಟು ಮಚ್ಚೆ, ಅದರ ಕೆಳಗೆ ತುಸು ಬಾಗಿದ ಬೆನ್ನುಮೂಳೆ. ಅವರ ಮುಖ ನೆನಪಿಸಿಕೊಳ್ಳಲು ನನಗೆ ಒಂದು ಕ್ಷಣ ಬೇಕು. ಬೆನ್ನನ್ನು ಮಾತ್ರ ಕಣ್ಣು ಮುಚ್ಚಿಕೊಂಡೇ ಬರೆದುಕೊಡಬಲ್ಲೆ. ನಾನು ಅವರನ್ನು ಮೊದಲು ಕಂಡದ್ದೇ ಹಿಂದಿನಿಂದ, ಕೈಯಲ್ಲಿ ಟೇಪು, ಬಾಯಲ್ಲಿ ಗುಂಡುಸೂಜಿ ಹಿಡಿದುಕೊಂಡು.

ನಾನು ಓದಿದ್ದು ಸೂರತ್‌ನಲ್ಲಿ, ವಿನ್ಯಾಸ ಮತ್ತು ಫ್ಯಾಷನ್ ಕಲಿಸುವ ಒಂದು ಖಾಸಗಿ ಶಾಲೆಯಲ್ಲಿ. ಗೇಟಿನ ಮೇಲಿನ ಹೆಸರಿನಲ್ಲಿ ಇಂಟರ್‌ನ್ಯಾಷನಲ್ ಇತ್ತು. ಒಳಗಿದ್ದವರಲ್ಲಿ ಹೆಚ್ಚಿನವರು ಅದೇ ಊರಿನ ಸೀರೆ ವ್ಯಾಪಾರಿಗಳ ಮಕ್ಕಳು. ಮಧ್ಯಾಹ್ನ ಅವರಿಗೆ ಮನೆಯಿಂದ ಬಿಸಿ ಡಬ್ಬಿ ಬರುತ್ತಿತ್ತು, ಸಂಜೆ ಕಾರು ಬರುತ್ತಿತ್ತು. ಆ ಲೆಕ್ಕದಲ್ಲಿ ಅಲ್ಲಿನ ಇಂಟರ್‌ನ್ಯಾಷನಲ್ ಎಂದರೆ ದಾವಣಗೆರೆಯವಳಾದ ನಾನೇ. ಅಪ್ಪನ ಬ್ಯಾಂಕಿನ ವರ್ಗಾವಣೆಯಿಂದ ಆ ಊರಿಗೆ ಬಂದಿದ್ದೆವು. ನಾನು ಎರಡನೇ ವರ್ಷದಲ್ಲಿರುವಾಗ ಅವರಿಗೆ ಮತ್ತೆ ವರ್ಗವಾಯಿತು. ಅಪ್ಪ ಅಮ್ಮ ಭೋಪಾಲ್‌ಗೆ ಹೋದರು, ನಾನು ಸೂರತ್‌ನಲ್ಲೇ ಉಳಿದು ಅಡಾಜಣ್ ಬಡಾವಣೆಯ ಬಾಡಿಗೆ ಕೋಣೆಯೊಂದಕ್ಕೆ ಹೋದೆ. ಭಾನುವಾರವಿಡೀ ಬಾಯಿ ತೆರೆಯದೆ ಕಳೆದು, ಸೋಮವಾರ ಆಟೋದವನಿಗೆ ದಾರಿ ಹೇಳುವಾಗ ನನ್ನ ದನಿ ನನಗೇ ಹೊಸದೆನಿಸಿದ್ದುಂಟು.

ಮೂರನೇ ವರ್ಷ ವಯಸ್ಸಾದವರ ಉಡುಪಿನ ಬಗ್ಗೆ ಪಾಠ ಶುರುವಾಯಿತು. ಆದರೆ ಬಟ್ಟೆ ತೊಡಿಸಿ ನೋಡಲು ಶಾಲೆಯಲ್ಲಿದ್ದ ಬೊಂಬೆಗಳೆಲ್ಲ ಸಣ್ಣ ನಡುವಿನ ಹುಡುಗಿಯರು. ಅಜ್ಜಿಯ ಬೊಂಬೆಯನ್ನು ಯಾರೂ ಮಾಡುವುದಿಲ್ಲವಂತೆ. ಕೊನೆಗೆ ನಮ್ಮ ಮೇಡಂ ತಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂಟಿಯಾಗಿದ್ದ ಹಿರಿಯ ಹೆಂಗಸೊಬ್ಬರನ್ನು ಒಪ್ಪಿಸಿ ಕರೆತಂದರು. ಅವರ ಕೆಲಸ ಸುಮ್ಮನೆ ನಿಲ್ಲುವುದು. ನಾವು ಅಳೆಯುತ್ತಿದ್ದೆವು, ತೊಡಿಸುತ್ತಿದ್ದೆವು, ಸೂಜಿ ಸಿಕ್ಕಿಸುತ್ತಿದ್ದೆವು, ನಮ್ಮನಮ್ಮೊಳಗೆ ಹರಟುತ್ತಿದ್ದೆವು. ಗುಜರಾತಿನಲ್ಲಿ ಯಾವ ಹೆಂಗಸನ್ನಾದರೂ ಅಕ್ಕ-ತಂಗಿ ಎಂಬ ಅರ್ಥದಲ್ಲಿ ‘ಬೆನ್’ ಎಂದು ಕರೆಯುವುದು ರೂಢಿ. ಬೆನ್, ತಿರುಗಿ. ಬೆನ್, ಕೈ ಎತ್ತಿ. ಅವರ ಬಲಗೈ ಹೆಗಲಿನ ಮಟ್ಟ ದಾಟುತ್ತಿರಲಿಲ್ಲ, ಹಿಂದಕ್ಕಂತೂ ಹೋಗುತ್ತಲೇ ಇರಲಿಲ್ಲ.

ಒಂದು ದಿನ ನನ್ನ ಸೂಜಿ ಬಟ್ಟೆ ದಾಟಿ ಒಳಗೆ ಹೋಯಿತು. ಅವರು ಅಲುಗಾಡಲಿಲ್ಲ. ಎದುರಿನ ಗೋಡೆಗೆ ದೂರು ಕೊಡುವ ಹಾಗೆ, “ಇವಳಿಗೆ ಎಂತ ಅವಸರವೋ” ಎಂದರು. ಅಚ್ಚ ಉಡುಪಿ ಕಡೆಯ ಕನ್ನಡ. ನನ್ನ ಕೈ ಅಲ್ಲೇ ನಿಂತುಬಿಟ್ಟಿತು. ನೋವಾಯಿತೇ ಎಂದು ಕನ್ನಡದಲ್ಲೇ ಕೇಳಿದೆ. ಅವರು ಮೊದಲ ಸಲ, ಯಾರೂ ಹೇಳದೆಯೇ, ನನ್ನ ಕಡೆ ತಿರುಗಿದರು.

“ಇಲ್ಲಿ ಎಲ್ಲ ನನ್ನನ್ನು ಬೆನ್, ಬೆನ್ ಅಂತ ಹೇಳಿ ಕರೆಯುದು. ನೋಡುದು ಮಾತ್ರ ಬರೀ ಬೆನ್ನು. ಮುಖ ನೋಡಿದವಳು ನೀನೊಬ್ಬಳು ಮಾರಾಯ್ತಿ.”

ಅಂದಿನಿಂದ ನಾನೂ ಅವರನ್ನು ಬೆನ್ ಎಂದೇ ಕರೆದೆ, ಅವರಿಗೆ ನಗು ಬರಲಿ ಎಂದು. ಅವರ ಯಜಮಾನರು ಸ್ಟೇಷನ್ ಹತ್ತಿರ ಉಡುಪಿ ಹೋಟೆಲ್ ನಡೆಸುತ್ತಿದ್ದವರು. ಅವರು ಹೋದ ಮೇಲೆ ಹೋಟೆಲ್ ಬೇರೆಯವರ ಕೈಗೆ ಹೋಯಿತು. ಮಕ್ಕಳಿರಲಿಲ್ಲ. ಇವರು ನಮ್ಮ ಶಾಲೆಗೆ ಬರುವಾಗ ಮದುವೆಮನೆಗೆ ಹೊರಟವರಂತೆ ಗಂಜಿ ಹಾಕಿದ ಸೀರೆ ಉಟ್ಟು, ಕತ್ತಿಗೆ ಪೌಡರ್ ಹಚ್ಚಿಕೊಂಡು ಬರುತ್ತಿದ್ದರು. ಸೊಂಟಕ್ಕೆ ಟೇಪು ಸುತ್ತಿದ ಕೂಡಲೇ ಹೊಟ್ಟೆ ಒಳಗೆಳೆದುಕೊಂಡು, ಬೇಗ ಬರೆದುಕೋ, ಆಮೇಲೆ ಉಸಿರು ಬಿಡ್ತೇನೆ ಎನ್ನುತ್ತಿದ್ದರು. ಇಷ್ಟು ಹೊತ್ತು ನಿಲ್ಲುವುದು ಯಾಕೆ, ಕಾಲು ನೋಯುವುದಿಲ್ಲವೇ ಎಂದು ಒಮ್ಮೆ ಕೇಳಿದೆ. “ಮನೆಯಲ್ಲಿ ಟೀವಿ ಉಂಟು. ದಿನವಿಡೀ ಮಾತಾಡ್ತದೆ, ಮುಟ್ಟುದಿಲ್ಲ ಅಷ್ಟೆ” ಎಂದು ನಕ್ಕರು. ನನಗೆ ನಗು ಬರಲಿಲ್ಲ. ಆ ಊರಿನಲ್ಲಿ ನನ್ನನ್ನು ಮುಟ್ಟುವವರೂ ಯಾರೂ ಇರಲಿಲ್ಲ.

ಒಂದು ಸಂಜೆ ಮನೆಗೆ ಕರೆದು, ಬೀರುವಿನಿಂದ ಕೆಂಪು ರೇಷ್ಮೆ ಸೀರೆ ತೆಗೆದು ತೋರಿಸಿದರು. ಜೊತೆಗಿದ್ದ ರವಿಕೆಗೆ ಬೆನ್ನಿನ ಉದ್ದಕ್ಕೂ ಬಟ್ಟೆ ಸುತ್ತಿದ ಪುಟ್ಟ ಗುಂಡಿಗಳು. ಎಲ್ಲಿಗೆ ಹೊರಟರೂ ಯಜಮಾನರೇ ಹಿಂದೆ ನಿಂತು ಅವನ್ನು ಹಾಕಬೇಕಿತ್ತಂತೆ. ಬಿಸಿ ಇಡ್ಲಿತಟ್ಟೆಗೆ ಬೆದರದ ಕೈ ಈ ಗುಂಡಿಗಳಿಗೆ ಬೆವರುತ್ತಿತ್ತಂತೆ. ಅವರು ತೀರಿಕೊಂಡ ಮೇಲೆ ಇವರು ಮುಂದೆ ಹುಕ್ಕಿರುವ ರವಿಕೆ ಬಿಟ್ಟು ಬೇರೇನನ್ನೂ ತೊಟ್ಟಿರಲಿಲ್ಲ.

ನನ್ನ ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಅಲ್ಲಿಯೇ ಸಿಕ್ಕಿತು: ಒಂದು ರವಿಕೆ. ಬೆನ್ನಿಗೆ ಅದೇ ಗುಂಡಿಗಳ ಸಾಲು, ಆದರೆ ಅವು ನೋಟಕ್ಕೆ ಮಾತ್ರ. ನಿಜವಾಗಿ ತೆರೆಯುವುದು ಎಡಪಕ್ಕದಲ್ಲಿ, ಎಡಗೈ ಒಂದರಿಂದಲೇ. ಒಂಟಿ ಹೆಂಗಸು ಯಾರ ಹಂಗೂ ಇಲ್ಲದೆ ತೊಡಬಹುದು. ಪರೀಕ್ಷಕರು ಮೆಚ್ಚಿದರು, ಶಾಲೆಯವರು ದೊಡ್ಡ ಚಿತ್ರ ಮಾಡಿ ಗೋಡೆಗೆ ಹಾಕಿದರು. ಚಿತ್ರದಲ್ಲಿ ಅದನ್ನು ತೊಟ್ಟವಳು ಒಬ್ಬ ಎಳೆಯ ಮಾಡೆಲ್. ನಾನು ಬೆನ್ ಅವರ ಅಳತೆಗೇ ಅಂಥದ್ದೇ ಇನ್ನೊಂದು ಹೊಲಿದು ಕೊಟ್ಟೆ, ಬೀಗಿಕೊಂಡೇ ಕೊಟ್ಟೆ.

ನವರಾತ್ರಿಯಲ್ಲಿ ಬರಹೇಳಿದರು. ಹೋದರೆ, ಅವರು ತೊಟ್ಟದ್ದು ನನ್ನದನ್ನಲ್ಲ, ಆ ಹಳೆಯದನ್ನು. ಹಿಂದುಗಡೆ ಪೂರ್ತಿ ತೆರೆದೇ ಇತ್ತು, ಮೇಲೆ ಟವಲು ಹೊದ್ದುಕೊಂಡಿದ್ದರು. ನನ್ನ ಮುಖ ಸಪ್ಪಗಾದದ್ದು ಅವರಿಗೆ ಕಂಡಿರಬೇಕು.

“ನೀನು ಮಾಡಿದ್ದು ಲಾಯ್ಕುಂಟು. ಅದಕ್ಕೆ ಯಾರೂ ಬೇಡ” ಎಂದರು. ಆಮೇಲೆ ನನಗೆ ಬೆನ್ನು ಕೊಟ್ಟು ನಿಂತು, “ನನಗೆ ಯಾರೂ ಬೇಡ ಅಂತ ನಿನಗೆ ಹೇಳಿದ್ದು ಯಾರು?”

ನಾನು ಗುಂಡಿ ಹಾಕತೊಡಗಿದೆ. ಕಾಜಗಳು ಬಿಗಿಯಾಗಿದ್ದವು, ನನ್ನ ಕೈಯೂ ಬೆವರಿತು. ಅವರೇ ಮತ್ತೆ ಮಾತು ತೆಗೆದರು: “ನಮ್ಮಲ್ಲಿಯೂ ಬೆನ್ನಿಗೆ ಬಿದ್ದವಳು ಅಂದರೆ ತಂಗಿಯೇ ಅಲ್ವಾ. ಇವರ ಬೆನ್, ನಮ್ಮ ಬೆನ್ನು, ಎಲ್ಲ ಒಂದೇ.” ಮೊಮ್ಮಗಳ ವಯಸ್ಸಿನವಳನ್ನು ತಂಗಿ ಎನ್ನುತ್ತೀರಲ್ಲ ಎಂದು ಛೇಡಿಸಿದೆ. ಹಾಗಾದರೆ ತುಂಬ ತಡವಾಗಿ ಬಿದ್ದವಳು ಎಂದರು.

ಓದು ಮುಗಿದು ನನಗೆ ವಡೋದರಾದಲ್ಲಿ ಕೆಲಸವಾಯಿತು. ಹಬ್ಬಕ್ಕೆಂದು ರೈಲು ಹತ್ತಿ ಬರುತ್ತಿದ್ದೆ. ಗುಂಡಿ ಹಾಕಿಸಿಕೊಂಡು ಅವರು ಹೆಚ್ಚು ದೂರವೇನೂ ಹೋಗುತ್ತಿರಲಿಲ್ಲ. ಕೆಳಗಿನ ಅಂಗಳದ ಗರ್ಬಾ ನೃತ್ಯವನ್ನು ಕುರ್ಚಿಯಲ್ಲಿ ಕೂತು ನೋಡಿ ಬರುತ್ತಿದ್ದರು. ರಾತ್ರಿ ನಾನು ಗುಂಡಿ ಬಿಚ್ಚಿಕೊಟ್ಟು ರೈಲಿಗೆ ಹೊರಡುವಾಗ, ಇಬ್ಬರ ಮನೆಯಲ್ಲೂ ಕಾಯುತ್ತಿದ್ದ ಮೌನದ ಬಗ್ಗೆ ಇಬ್ಬರೂ ಮಾತಾಡುತ್ತಿರಲಿಲ್ಲ.

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಮೇಡಂ ಫೋನ್ ಮಾಡಿದರು. ಬೆನ್ ನಿದ್ದೆಯಲ್ಲಿಯೇ ಹೋಗಿದ್ದರಂತೆ. ನಾನು ತಲುಪುವ ಹೊತ್ತಿಗೆ ಅಕ್ಕಪಕ್ಕದ ಹೆಂಗಸರು ಸ್ನಾನ ಮಾಡಿಸಿದ್ದರು, ಏನು ಉಡಿಸುವುದೆಂದು ತೋಚದೆ ನಿಂತಿದ್ದರು. ನಾನು ಬೀರು ತೆರೆದು ಆ ಕೆಂಪು ಸೀರೆ, ಆ ರವಿಕೆ ತೆಗೆದೆ. ತೋಳು ತೊಡಿಸಿದ್ದಾಯಿತು. ನನ್ನ ಗುರುತಿಲ್ಲದ ಹಿರಿಯ ಹೆಂಗಸೊಬ್ಬರು, ಹಿಂದುಗಡೆ ಹಾಗೆಯೇ ಬಿಡು, ಮಲಗಿಸಿದ ಮೇಲೆ ಬೆನ್ನು ಯಾರಿಗೆ ಕಾಣುತ್ತದೆ ಎಂದರು. ಅವರು ಹೇಳಿದ್ದು ಒಳ್ಳೆಯದಕ್ಕೇ.

ಸ್ವಲ್ಪ ಪಕ್ಕಕ್ಕೆ ಹೊರಳಿಸಿ ಹಿಡಿಯಿರಿ ಎಂದು ಕೇಳಿಕೊಂಡೆ. ಆ ಮಚ್ಚೆ ಅಲ್ಲೇ ಇತ್ತು. ಕೆಳಗಿನಿಂದ ಒಂದೊಂದೇ ಗುಂಡಿ ಹಾಕುತ್ತ ಬಂದೆ, ಅಳು ಬಂದರೂ ಕೈ ಬಿಡಲಿಲ್ಲ. ಕತ್ತಿನ ಹತ್ತಿರದ ಕೊನೆಯದನ್ನು ಹಾಕುವಾಗ ಆ ಹೆಂಗಸು ಮೆಲ್ಲಗೆ, ಇವರಿಗೆ ನೀನು ಏನಾಗಬೇಕು ಎಂದು ಕೇಳಿದರು.

“ಬೆನ್” ಎಂದೆ. ಅವರು ಅದನ್ನು ಗುಜರಾತಿಯಲ್ಲಿ ಕೇಳಿಸಿಕೊಂಡರು.