ಕಾಟಾ ಪಂಪಾವತಿಯ ರೈಫಲು

ಪಂಪಾವತಿ ತಪ್ಪನ್ನು ಎಂದೂ ತನ್ನ ಮೇಲೆ ಹಾಕಿಕೊಂಡವಳಲ್ಲ. ಬುದ್ಧಿವಂತೆ, ಗಟ್ಟಿ ಕೈಯವಳು, ಆದರೆ ಹೇಡಿ. ತನ್ನಿಂದ ಏನು ಕೆಟ್ಟರೂ ಅದಕ್ಕೆ ಇನ್ನೊಬ್ಬರ ಹೆಸರು ಅವಳ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿರುತ್ತಿತ್ತು. ಅವಳು ಪಿಯುಸಿಗೆ ಬಂದ ದಿನದಿಂದ ಅವಳನ್ನು ಬಲ್ಲೆ. ಈ ಮಾತನ್ನು ಯೋಚಿಸಿಯೇ ಬರೆಯುತ್ತಿದ್ದೇನೆ.

ಹೊಸಪೇಟೆಯಲ್ಲಿ ನಾನು ಪಾಠ ಹೇಳುತ್ತಿದ್ದ ಕಾಲೇಜಿನಲ್ಲಿ ಅವಳು ಎನ್‌ಸಿಸಿ ಹುಡುಗಿ. ಅವಳ ಅಪ್ಪ, ಅವ್ವ ಬುಕ್ಕಸಾಗರದ ಭತ್ತದ ಗದ್ದೆಗಳಲ್ಲಿ ಕೂಲಿ ಮಾಡುತ್ತಿದ್ದರು. ಪರೇಡಿನ ನಂತರ ಕೊಡುವ ಉಪ್ಪಿಟ್ಟಿಗಾಗಿ ಎನ್‌ಸಿಸಿ ಸೇರಿದೆ ಎಂದು ಅವಳೇ ಹೇಳುತ್ತಿದ್ದಳು. ಅಲ್ಲಿ ಕೈಗೆ ರೈಫಲು ಬಂತು. ಬೇರೆ ಹುಡುಗಿಯರು ಕಣ್ಣು ಮುಚ್ಚಿ ಟ್ರಿಗರು ಎಳೆಯುತ್ತಿದ್ದಾಗ ಇವಳ ಗುಂಡುಗಳೆಲ್ಲ ಒಂದೇ ತೂತಿನಲ್ಲಿ ಹೊಕ್ಕಂತೆ ಬೀಳುತ್ತಿದ್ದವು. ರಾಜ್ಯ ಮಟ್ಟದ ಶಿಬಿರಕ್ಕೆ ಹೋದಳು. ಅಲ್ಲಿ ಅವಸರದಲ್ಲಿ ಒಂದು ಗುಂಡನ್ನು ಪಕ್ಕದ ಹುಡುಗಿಯ ಗುರಿಹಾಳೆಗೆ ಹೊಡೆದಳು. ಆ ಹಾಳೆಯಲ್ಲಿ ಒಂದು ತೂತು ಹೆಚ್ಚು ಕಂಡು ವಿಚಾರಿಸಿದಾಗ, ಆ ಹುಡುಗಿಯೇ ಲೆಕ್ಕ ತಪ್ಪಿ ಒಂದು ಗುಂಡು ಹೆಚ್ಚು ಹೊಡೆದಿದ್ದಾಳೆಂದು ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು. ಆ ಹುಡುಗಿ ಅಳುತ್ತ ಊರಿಗೆ ಹೋದಳು. ಪಂಪಾವತಿ ಪದಕ ತಂದಳು. ಕಾಲೇಜು ಸನ್ಮಾನ ಮಾಡಿತು.

ಆಮೇಲೆ ಮದುವೆ. ಗಂಡ ಎರ್ರೆಪ್ಪ ಅದಿರಿನ ಲಾರಿ ಓಡಿಸುತ್ತಿದ್ದ. ಮನೆಯಲ್ಲಿ ಅವನ ತಾಯಿ ಸುಂಕಲಮ್ಮ, ಹೊಲಿಗೆ ಕೆಲಸದವಳು. ಮಕ್ಕಳಾಗಲಿಲ್ಲ. ರೈಫಲಿನ ಮಾತು ಆ ಮನೆಯಲ್ಲಿ ಬರುವ ಕಾರಣವೇ ಇರಲಿಲ್ಲ.

ಚೀನಾದವರು ನಮ್ಮ ಕಬ್ಬಿಣದ ಮಣ್ಣಿಗೆ ಬಾಯಿ ತೆರೆದ ವರ್ಷಗಳು ಅವು. ಸಂಡೂರಿನ ಗುಡ್ಡಗಳಿಂದ ಹಗಲಿರುಳು ಲಾರಿಗಳು ಇಳಿಯುತ್ತಿದ್ದವು. ಬೇವಿನ ಗಿಡ, ಎಮ್ಮೆ, ಒಣಹಾಕಿದ ಬಟ್ಟೆ, ಎಲ್ಲದರ ಮೇಲೂ ಒಂದೇ ಕೆಂಪು. ಅಂಥ ಒಂದು ಅಮಾವಾಸ್ಯೆಯ ಬೆಳಿಗ್ಗೆ ಎರ್ರೆಪ್ಪನಿಗೆ ಲಾರಿ ಹತ್ತಲು ಮನಸ್ಸಿರಲಿಲ್ಲ. ಬ್ರೇಕು ಸರಿಯಿಲ್ಲ ಎಂದ. "ಹೋಗಪ್ಪ, ಮನ್ಯಾಗ ಕುಂತು ಏನ್ ಮಾಡ್ತಿ" ಎಂದಳು ಸುಂಕಲಮ್ಮ. ಘಾಟಿಯ ತಿರುವಿನಲ್ಲಿ, ಮಿತಿ ಮೀರಿ ಅದಿರು ಹೊತ್ತ ಲಾರಿ ಅವನ ಮಾತು ಕೇಳಲಿಲ್ಲ. ಅವನನ್ನು ಅದಿರಿನ ಅಡಿಯಿಂದ ಅಗೆದು ತೆಗೆದರು.

ಆ ದಿನ ಅವನು ಹೋಗದಿದ್ದರೆ ಕೆಲಸ ಹೋಗುತ್ತಿತ್ತು. ಇದು ಪಂಪಾವತಿಗೂ ಗೊತ್ತು. ಅಂದು ರೊಟ್ಟಿಯ ಬುತ್ತಿ ಕಟ್ಟಿ ಕೈಗೆ ಕೊಟ್ಟವಳು ಅವಳೇ. ಆದರೂ ಗಂಡ ಸತ್ತ ದಿನದಿಂದ ಅತ್ತೆಗೆ ಅನ್ನ ಬಡಿಸುವಾಗಲೆಲ್ಲ ಒಂದೇ ಮಾತು: "ನೀನ ಕಳಿಸಿದಿ. ಉಣ್ಣು." ಸುಂಕಲಮ್ಮ ತಲೆ ತಗ್ಗಿಸಿ ಉಣ್ಣುತ್ತಿದ್ದಳು. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಕೇಳಬಾರದೆಂದರೂ ಕೇಳುತ್ತಿತ್ತು.

ಲಾರಿ ಮಾಲೀಕ, ಬಾಯಿ ಮುಚ್ಚಿಸಲೆಂದೇ ಇರಬೇಕು, ಪಂಪಾವತಿಗೆ ತನ್ನ ವೇಬ್ರಿಡ್ಜಿನಲ್ಲಿ ಕೆಲಸ ಕೊಟ್ಟ. ಲಾರಿ ತೂಗುವ ಆ ಜಾಗಕ್ಕೆ ಇಲ್ಲಿಯವರು ಕಾಟಾ ಎನ್ನುತ್ತಾರೆ. ಹೀಗೆ ಅವಳು ಕಾಟಾ ಪಂಪಾವತಿಯಾದಳು. ಕಾಟಾ ಒಂದು ತೂಕ ತೋರಿಸುತ್ತಿತ್ತು, ಚೀಟಿಯಲ್ಲಿ ಅದಕ್ಕಿಂತ ಕಡಿಮೆಯದು ಬೀಳುತ್ತಿತ್ತು. ಗಂಡನನ್ನು ಕೊಂದಂಥ ಲಾರಿಗಳನ್ನೇ ಅವಳು ದಿನವೂ ರಸ್ತೆಗೆ ಬಿಡುತ್ತಿದ್ದಳು. ಮರಿಯಮ್ಮನಹಳ್ಳಿಯ ಹತ್ತಿರ ಅಂಥದೊಂದು ಲಾರಿ ಸೈಕಲ್ಲಿನವನ ಮೇಲೆ ಹರಿದಾಗ ಅವನ ಮನೆಯವರು ಕಾಟಾಕ್ಕೆ ಬಂದು ನಿಂತರು. "ನನ್ನ ಕಡಿ ಯಾಕ ಬರ್ತೀರಿ" ಎಂದಳು. "ತುಂಬಿದವ ಒಬ್ಬ, ಓಡ್ಸಿದವ ಒಬ್ಬ. ನಾ ಹೇಳಿದ್ದು ಬರಿಯಾಕಿ." ಅವಳ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತು.

ಕಾಟಾದ ಧೂಳು ಎದೆಗಿಳಿದಿತ್ತು. ಕೆಮ್ಮಿದರೆ ಸೆರಗಿನಲ್ಲಿ ಕೆಂಪು ಉಳಿಯುತ್ತಿತ್ತು. ಅದು ಮಣ್ಣೋ ರಕ್ತವೋ ಎಂದು ಡಾಕ್ಟರಿಗೂ ಮೊದಲು ಅನುಮಾನ ಬಂತಂತೆ. ಆ ಕೆಲಸ ಬಿಡದಿದ್ದರೆ ಔಷಧಿ ದಂಡ ಎಂದರು. ಬಿಟ್ಟರೆ ಉಣ್ಣುವುದೇನು.

ಆಗ ಸಂಡೂರು ರಸ್ತೆಯಲ್ಲಿ ಗಣಿ ದುಡ್ಡಿನ ಹೊಸ ಶಾಲೆಯೊಂದು ಎದ್ದಿತು. ಈಜುಕೊಳ, ಕುದುರೆ, ಏರ್‌ರೈಫಲ್ ಶೂಟಿಂಗಿನ ಒಳಾಂಗಣ. ವಿಜಯದಶಮಿಯ ದಿನ ಅಲ್ಲಿ ಪಂದ್ಯ ಏರ್ಪಡಿಸಿದರು. ಮೊದಲ ಮೂವರಲ್ಲಿ ಬಂದ ಸ್ಥಳೀಯ ಹೆಂಗಸಿಗೆ ಶಾಲೆಯ ಹುಡುಗಿಯರಿಗೆ ಕಲಿಸುವ ಕೆಲಸ ಕೊಡುವುದಾಗಿ ಪತ್ರಿಕೆಯಲ್ಲಿ ಬಂತು. ಧೂಳಿಲ್ಲದ ಕೆಲಸ. ಪಂಪಾವತಿ ಆ ಚೂರನ್ನು ಹರಿದು ಕುಪ್ಪಸದಲ್ಲಿಟ್ಟುಕೊಂಡು ತನ್ನ ಹಳೆಯ ಹವಾಲ್ದಾರ ವಿರುಪಾಕ್ಷಪ್ಪನನ್ನು ಹುಡುಕಿ ಕಂಪ್ಲಿಗೆ ಹೋದಳು.

ಎನ್‌ಸಿಸಿಯಲ್ಲಿ ರೈಫಲು ಕಲಿಸಿದ ವಿರುಪಾಕ್ಷಪ್ಪ ನಿವೃತ್ತನಾಗಿ ಅಲ್ಲೊಂದು ಅಕ್ಕಿ ಗಿರಣಿ ಕಾಯುತ್ತಿದ್ದ. ಅವನ ಬಳಿ ಸ್ಪ್ರಿಂಗಿನ ಒಂದು ಹಳೆಯ ಏರ್‌ರೈಫಲಿತ್ತು, ಮಂಗ ಓಡಿಸಲು.

"ಇದರಿಂದ ಪಂದ್ಯಾ ಹೊಡೀತಿಯೇನವ್ವ" ಎಂದ. "ಮಂಗ್ಯಾ ಕೂಡ ಹೆದರಂಗಿಲ್ಲ ಇದಕ್ಕ. ಗುಂಡು ಎತ್ತಾಗ ಹೋಗತೈತಿ ಅಂತ ಗ್ವಾಡಿ ಮ್ಯಾಲ ಕುಂತು ನೋಡತಾವ."

"ನೀವು ಹೊಡದ್ರ ನೋಡತಾವ. ನಾ ಹೊಡದ್ರ ಓಡತಾವ. ಕೊಡ್ರಿ."

ಕೊಟ್ಟ. ಅವನೇ ಕೂತು ಬಿಚ್ಚಿ, ಹೊಸ ಸ್ಪ್ರಿಂಗು ಹಾಕಿಸಿ, ಒಳಗೆ ಗಾಳಿ ತಳ್ಳುವ ಕೊಳವೆಗೆ ಚಪ್ಪಲಿ ಹೊಲಿಯುವವನಿಂದ ಹೊಸ ಚರ್ಮದ ವಾಷರು ಕತ್ತರಿಸಿ ಕೂಡಿಸಿದ. ರೈಫಲನ್ನು ಮನೆಗೆ ತಂದು ಒಪ್ಪಿಸುವಾಗ ಸುಂಕಲಮ್ಮನೂ ಅಲ್ಲಿದ್ದಳು. ನಳಿಗೆಯನ್ನು ಅರ್ಧ ಬಾಗಿಸಿದರೆ ಗಾಳಿ ಬರುವ ಸಣ್ಣ ತೂತು ಕಾಣುತ್ತದೆ. ಅದನ್ನು ತೋರಿಸಿ, "ಚರ್ಮ ಒಣಗಬಾರದು, ತಿಳೀತಾ. ಅಪರೂಪಕ್ಕ ಮಷಿನ್ ಎಣ್ಣಿ, ಒಂದ ಹನಿ, ಅಷ್ಟ" ಎಂದ.

ಉಳಿದದ್ದನ್ನೆಲ್ಲ ಮನೆಯಲ್ಲೇ ಹೊಂದಿಸಿದರು. ಶೂಟಿಂಗಿಗೆ ಮೈ ಅಲುಗದಂತೆ ಹಿಡಿಯುವ ದಪ್ಪ ಜಾಕೆಟು ಬೇಕು. ಅಂಗಡಿಯದು ಅವಳ ಕೈಗೆಟುಕುವ ಬೆಲೆಯದಲ್ಲ. ಸುಂಕಲಮ್ಮ ಸತ್ತ ಮಗನ ಲಾರಿಯ ತಾಡಪಾಲನ್ನು ಕತ್ತರಿಸಿ, ಒಳಗೆ ಹಳೆಯ ಜಮಖಾನೆ ಕೊಟ್ಟು, ಎರಡು ಸೂಜಿ ಮುರಿದು ಹೊಲಿದಳು. ಎಷ್ಟು ಒಗೆದರೂ ಅದರ ಕೆಂಪು ಬಿಡಲಿಲ್ಲ. ಎಡಗಣ್ಣು ಮುಚ್ಚಲು ಮದುವೆಯ ಕರೆಯೋಲೆಯ ರಟ್ಟು. ಗುಂಡು ತಡೆಯಲು ಅದಿರಿನ ಪುಡಿ ತುಂಬಿದ ಎಣ್ಣೆ ಡಬ್ಬಿ. ಗುರಿಹಾಳೆಗಳು ಜೆರಾಕ್ಸು. ಅಗ್ಗದ ಸೀಸದ ಗುಂಡುಗಳನ್ನು ಪಂಪಾವತಿ ಒಂದೊಂದಾಗಿ ಬೆಳಕಿಗೆ ಹಿಡಿದು, ಅಂಚು ಸೊಟ್ಟಗಿದ್ದುದನ್ನು ಬೇರೆ ಮಾಡಿ, ಉಳಿದವನ್ನು ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿ ವಿಂಗಡಿಸುತ್ತಿದ್ದಳು. ಲಾರಿಗಳ ವಿಷಯದಲ್ಲಿ ಅವಳಿಗೆ ಇಲ್ಲದ ನಿಷ್ಠುರತೆ ಇಲ್ಲಿತ್ತು.

ಅವರ ಮನೆ ರೈಲು ಡಬ್ಬಿಯಂತೆ ಉದ್ದ. ಬೀದಿ ಬಾಗಿಲಿನಿಂದ ಹಿತ್ತಲ ಗೋಡೆಯವರೆಗೆ ಪಂದ್ಯಕ್ಕೆ ಬೇಕಾದ ಹತ್ತು ಮೀಟರು ಸಿಗುತ್ತಿತ್ತು. ಕಾಟಾದಿಂದ ಬಂದವಳೇ ಬಾಗಿಲು ಹಾಕಿ ನಿಲ್ಲುತ್ತಿದ್ದಳು. ಅಷ್ಟು ಹೊತ್ತು ಸುಂಕಲಮ್ಮ ಅಡುಗೆಯ ಮೂಲೆ ಬಿಟ್ಟು ಕದಲುವಂತಿಲ್ಲ.

ಮೊದಲ ವಾರಗಳು ಹೀನಾಯವಾಗಿದ್ದವು. ಕೈ ಮರೆತಿರಲಿಲ್ಲ, ಎದೆ ಮರೆತಿತ್ತು. ಉಸಿರು ಹಿಡಿದ ಕೂಡಲೇ ಕೆಮ್ಮು ಏಳುತ್ತಿತ್ತು. ಗುಂಡು ಎಲ್ಲೆಲ್ಲೋ ಹೋದಾಗ ಅವಳ ಮಾತು ಗೋಡೆ ದಾಟಿ ಬರುತ್ತಿತ್ತು.

"ಅತ್ತಿ, ನೀ ತಟ್ಟಿ ಸಪ್ಪಳ ಮಾಡಿದಿ. ಅದಕ್ಕ ಹೋತು."

"ಇಲ್ಲವ್ವ, ನಾ ಸುಮ್ಮನ ಕುಂತೀನಿ."

"ಉಸಿರಾಡಿದಿ. ಕೇಳ್ತು ನನಗ."

ಮುದುಕಿ ಉಸಿರಾಡಿದ್ದೂ ಅಪರಾಧವಾಯಿತು. ಒಮ್ಮೆ ನಾನು ಬೀದಿಯಲ್ಲಿ ತಡೆದು, "ನಿನ್ನ ಗುಂಡು ತಪ್ಪಿದರೆ ಸ್ಪ್ರಿಂಗಿನ ಒದೆತಕ್ಕೆ ಭುಜ ಕೊಡುತ್ತಿಲ್ಲ ಎಂದರ್ಥ, ತಪ್ಪು ಅತ್ತೆಯ ಮೂಗಿನದಲ್ಲ" ಎಂದೆ. "ನೀವು ಪುಸ್ತಕದಾಗ ಓದೀರಿ ಮೇಡಂ. ಹಿಡಿದು ನೋಡ್ರಿ ಒಮ್ಮಿ" ಎಂದು ನಡೆದುಬಿಟ್ಟಳು.

ಆದರೆ ಛಲವಿತ್ತು, ಅದನ್ನು ಅಲ್ಲಗಳೆಯಲಾರೆ. ಉಸಿರು ಹಿಡಿಯಲಾಗದು ಎಂದಾದ ಮೇಲೆ ಹಿಡಿಯುವುದನ್ನೇ ಬಿಟ್ಟಳು. ಕೆಮ್ಮು ಬಂದು ಹೋದ ಮೇಲೆ ಎದೆ ಒಂದು ಗಳಿಗೆ ಖಾಲಿಯಾಗಿ ನಿಲ್ಲುತ್ತದಲ್ಲ, ಆ ಸಂದಿಯಲ್ಲಿ ಹೊಡೆಯಲು ಕಲಿತಳು. ಶ್ರಾವಣ ಕಳೆಯುವ ಹೊತ್ತಿಗೆ ತೂತುಗಳು ಗುರಿಹಾಳೆಯ ಕಪ್ಪು ವೃತ್ತದೊಳಗೆ ಬಂದವು. ಭಾದ್ರಪದದಲ್ಲಿ ನಡುವಿನ ಚುಕ್ಕೆಯ ಸುತ್ತ ಗುಂಪಾದವು. ವಿರುಪಾಕ್ಷಪ್ಪ ಹಾಳೆಗಳನ್ನು ನೋಡಿ, "ಮೂರರಾಗ ಬರ್ತೀಯಲೇ ಹುಡುಗಿ. ಮಂಗ್ಯಾನ ರೈಫಲಿನ್ಯಾಗ" ಎಂದ. ಅವಳ ಮನೆಯಿಂದ ನಗು ಕೇಳಿದ್ದು ಆ ಸಂಜೆ ಮಾತ್ರ.

ಪಂದ್ಯದ ಹಿಂದಿನ ದಿನ ಆಯುಧಪೂಜೆ. ಆ ದಿನ ಆಯುಧ ಮುಟ್ಟಿ ಕೆಲಸ ಮಾಡುವವರಿಲ್ಲ. ಕಾಟಾಕ್ಕೂ ಬಾಳೆಕಂಬ ಕಟ್ಟಿ, ಅದರ ತಗಡಿನ ಮೇಲೆ ಬೂದುಗುಂಬಳ ಒಡೆದರು. ಪಂಪಾವತಿ ಅಲ್ಲಿಂದ ಬಂದಾಗ ರೈಫಲು ಮಣೆಯ ಮೇಲೆ ಮಲಗಿತ್ತು. ಹಿಡಿಕೆಗೆ ಮೂರು ಬೆರಳಿನ ವಿಭೂತಿ, ಕುಂಕುಮ, ಸೇವಂತಿಗೆ, ಮುಂದೊಂದು ನಿಂಬೆಹಣ್ಣು. ಎರ್ರೆಪ್ಪನ ಲಾರಿಗೆ ಸುಂಕಲಮ್ಮ ಹೀಗೆಯೇ ಮಾಡುತ್ತಿದ್ದಳು.

"ಯಾರ್ ಮುಟ್ಟು ಅಂದ್ರು ನಿನಗ" ಎಂದಳು ಪಂಪಾವತಿ. "ಲಾರಿಗೂ ಹಿಂಗ ಮಾಡಿದ್ದಿ. ಏನಾತು ನೋಡಿದಿಲ್ಲ."

ಒದ್ದೆ ಬಟ್ಟೆಯಿಂದ ಎಲ್ಲವನ್ನೂ ಒರೆಸಿ, ರೈಫಲನ್ನು ಗೋಣಿಯಲ್ಲಿ ಸುತ್ತಿ ಇಟ್ಟಳು. ಹಬ್ಬದ ದಿನವೆಂದು ಹೊಡೆದು ನೋಡಲಿಲ್ಲ.

ಬಹುಮಾನ ಹಂಚಲು ಶಾಲೆಯವರು ನನ್ನನ್ನು ಕರೆದಿದ್ದರು. ಹಾಗಾಗಿ ಮುಂದಿನದು ಕೇಳಿದ್ದಲ್ಲ, ಕಂಡದ್ದು. ಒಳಾಂಗಣದಲ್ಲಿ ಸಾಲಾಗಿ ಜರ್ಮನಿಯ ರೈಫಲುಗಳು, ಬಣ್ಣದ ಜಾಕೆಟುಗಳು. ನಡುವೆ ತಾಡಪಾಲು ತೊಟ್ಟ ಪಂಪಾವತಿ. "ಲೋಡು ಎಷ್ಟೈತ್ರಿ" ಎಂದು ಯಾರೋ ಹುಡುಗ ಹಿಂದಿನಿಂದ ಕೂಗಿದ. ಅವಳು ತಿರುಗಲಿಲ್ಲ. ಜಾಕೆಟಿನ ಗುಂಡಿ ಕಿತ್ತರೆ ಹಾಕಿಕೊಡಲೆಂದು ಸುಂಕಲಮ್ಮ ಸೂಜಿದಾರ ಹಿಡಿದು ಬಂದಿದ್ದಳು. ಹಗ್ಗದ ಆಚೆ, ನನ್ನ ಕುರ್ಚಿಯ ಹಿಂದೆ ನೆಲದ ಮೇಲೆ ಕೂತಿದ್ದಳು.

ಅಂಕ ಹಿಡಿಯುವ ಮೊದಲು ಪರೀಕ್ಷೆಗೆ ಕೆಲವು ಗುಂಡು ಹೊಡೆಯಬಹುದು. ಪಂಪಾವತಿ ಕೆಮ್ಮಿದಳು, ನಿಂತಳು, ಹೊಡೆದಳು. ಪಟಾಕಿಯಂಥ ಸದ್ದಾಯಿತು. ನಳಿಗೆಯಿಂದ ನೀಲಿ ಹೊಗೆ ಬಂತು. ಗುಂಡು ಹಾಳೆಯನ್ನೇ ಬಿಟ್ಟು ಮೇಲಿನ ಹಲಗೆಗೆ ಹೋಗಿತ್ತು.

ಹಿಂದಿನಿಂದ ಸುಂಕಲಮ್ಮ ನನ್ನ ಕಿವಿಯ ಹತ್ತಿರ ಬಾಗಿ, ಸಂತೋಷದಿಂದ ಪಿಸುಗುಟ್ಟಿದಳು: "ಎಣ್ಣಿ ಕುಡದೈತ್ರಿ ಮೇಡಂ. ಚರ್ಮ ಒಣಗಬಾರದು ಅಂದಿದ್ರಲ್ಲ ಹವಾಲ್ದಾರ್ರು. ಹಬ್ಬ ಅಂತ ನಿನ್ನಿ ತೂತಿನಾಗ ಒಂದ್ ಬಟ್ಲ ಬಿಟ್ಟೀನಿ. ಹೊಲಿಗಿ ಮಷಿನ್ನಿಗೆ ಬಿಟ್ಟಂಗ. ಸಪ್ಪಳ ನೋಡ್ರಿ ಹೆಂಗ ಬಂತು."

ಎರಡನೆಯ ಗುಂಡಿಗೂ ಹೊಗೆ, ಸದ್ದು. ಮೂರನೆಯದಕ್ಕೆ ಒಳಗೇನೋ ಹರಿದು, ಗುಂಡು ಉಗುಳಿದಂತೆ ಹೊರಬಿದ್ದು ನೆಲದ ಮೇಲೆ ಉರುಳಿತು. ನೋಡುತ್ತಿದ್ದವರೆಲ್ಲ ನಕ್ಕರು. ಪಂದ್ಯದ ಮೇಲ್ವಿಚಾರಕ ಕೊಟ್ರಯ್ಯ ಬಂದರು. ಹಳೆಯ ವ್ಯಾಯಾಮ ಶಿಕ್ಷಕರು, ನೇರ ಮನುಷ್ಯ. ನಳಿಗೆ ಬಾಗಿಸಿ ಮೂತಿ ಕೆಳಗೆ ಮಾಡಿದಾಗ ತೂತಿನಿಂದ ಎಣ್ಣೆ ತೊಟ್ಟಿಕ್ಕಿತು. ಬೆರಳಿಗೆ ಹಚ್ಚಿ ಮೂಸಿದರು.

"ಕೊಬ್ರಿ ಎಣ್ಣಿ" ಎಂದರು. "ಇದಕ್ಕೇನು ತಲಿ ಬಾಚಾಕಿದ್ದಿಯೇನವ್ವ. ಒತ್ತಡಕ್ಕ ಎಣ್ಣಿ ಒಳಗ ಹೊತ್ತಿ ಉರದೈತಿ. ವಾಷರ್ ಹೋತು. ಮುಗೀತು ಈ ರೈಫಲು."

ಪಂಪಾವತಿ ನೆಲಕ್ಕೆ ಬಿದ್ದ ಎಣ್ಣೆಯ ಹನಿಗಳನ್ನು ನೋಡುತ್ತಿದ್ದಳು. ಅವಳ ಮುಖ ಬಿಳಚಿಕೊಂಡಿತ್ತು.

"ಕೇಳ್ರಿ ಇಲ್ಲಿ" ಎಂದರು ಕೊಟ್ರಯ್ಯ, ಎಲ್ಲರಿಗೂ ಕೇಳುವಂತೆ. "ನಿಮಗ ಗೊತ್ತಿಲ್ಲದಂಗ ಬ್ಯಾರೆದವ್ರು ಕೈ ಹಚ್ಚಿದ್ರ ನಿಮ್ಮ ತಪ್ಪಲ್ಲ. ಶಾಲಿ ರೈಫಲ್ ಕೊಡಸ್ತೀನಿ, ಮುಂದಿನ ಸರದಿಯಾಗ ಹೊಡೀರಿ. ನೀವ ಮಾಡ್ಕೊಂಡಿದ್ರ ಪಂದ್ಯದಿಂದ ಹೊರಗ. ಯಾರ್ ಹಾಕಿದ್ರು ಎಣ್ಣಿ?"

ನನ್ನ ಬೆನ್ನ ಹಿಂದೆ ಸೂಜಿದಾರದ ಡಬ್ಬಿ ನೆಲಕ್ಕೆ ಬಿತ್ತು. ಸುಂಕಲಮ್ಮ ಎದ್ದು ನಿಂತಿದ್ದಳು. ಎರಡೂ ಕೈ ಜೋಡಿಸಿದ್ದಳು.

ಪಂಪಾವತಿ ತಿರುಗಿದಳು. ಅತ್ತೆಯ ಮುಖ ನೋಡಿದಳು, ಜೋಡಿಸಿದ ಕೈ ನೋಡಿದಳು. ಅವಳಿಗೆ ಎಲ್ಲವೂ ತಿಳಿಯಿತೆಂದು ನನಗೆ ಕಂಡಿತು. ಇಷ್ಟು ವರ್ಷ ಇಲ್ಲದ್ದನ್ನು ಹುಡುಕಿ ಹುಡುಕಿ ಹೊರಿಸಿದವಳಿಗೆ ಅಂದು ಹೇಳಬೇಕಾಗಿದ್ದು ಬರೀ ನಿಜ. ಅತ್ತೆಯ ಕಡೆ ಅವಳ ಬೆರಳು ಏಳುವುದನ್ನೇ ನಾನು ಕಾದೆ.

"ನಾನ ಹಾಕಿದ್ದು" ಎಂದಳು.

ಕೊಟ್ರಯ್ಯ ದನಿ ತಗ್ಗಿಸಿದರು. "ವಿಚಾರ ಮಾಡಿ ಹೇಳವ್ವ. ಕೆಲಸದ ಮಾತೈತಿ."

"ವಿಚಾರ ಮಾಡೇ ಹೇಳಾಕತ್ತೀನ್ರಿ ಸರ. ನಿನ್ನಿ ಹಬ್ಬ ಇತ್ತು. ನಾನ ಹಾಕೀನಿ."

ಜಾಕೆಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಅದನ್ನು ಮಡಚಿ ಕಂಕುಳಲ್ಲಿಟ್ಟುಕೊಂಡಳು. ಹಗ್ಗದ ಬಳಿ ಬಂದು, ಬಗ್ಗಿ, ನೆಲದ ಮೇಲೆ ಚೆಲ್ಲಿದ ಸೂಜಿಗಳನ್ನು ಆರಿಸತೊಡಗಿದಳು.