ಸರದಾರನ ಪಾಲಿನ ಕೇಸಿನ್

ಕೊನೆಯ ಸಾದಾ ದಿನ ಮಂಗಳವಾರವಾಗಿತ್ತು. ಅಂದು ನಾನು ಎರಡು ಜಂಪರು ಹೊಲಿದೆ. ಒಂದರ ತೋಳು ಉಲ್ಟಾ ಹಚ್ಚಿ ಮತ್ತೆ ಬಿಚ್ಚಿದೆ. ನಮ್ಮ ಮನೆಯವರು ಹಾನಗಲ್ಲಿನಲ್ಲಿ ದಿನವಿಡೀ ಹಮಾಲಿಯಾಗಿ ಗೋವಿನಜೋಳದ ಚೀಲ ಹೊತ್ತು, ಸಂಜೆಯ ಬಸ್ಸಿಗೆ ನಮ್ಮೂರು ತಿಳವಳ್ಳಿಗೆ ಬಂದರು. ಊಟವಾದ ಮೇಲೆ ಎಂದಿನಂತೆ ಕೇಸಿನ್ ಪುಡಿಯ ಕರಿ ಡಬ್ಬಿ ತೆಗೆದು, ಒಂದು ಚಮಚ ತಮ್ಮ ಲೋಟಕ್ಕೂ ಆರು ಚಮಚ ಹೋರಿಯ ಬಕೆಟ್ಟಿಗೂ ಹಾಕಿದರು.

ಹೋರಿಯ ಹೆಸರು ಸರದಾರ. ದೀಪಾವಳಿ ಕಳೆದರೆ ನಮ್ಮ ಕಡೆ ಹೋರಿಗಳಿಗೆ ಕೊಬ್ಬರಿ ಸರ ಕಟ್ಟಿ ಓಡಿಸುತ್ತಾರೆ. ಹಿಡಿಯಲು ಬಂದವರ ಕೈಗೆ ಸಿಗದೆ ಪಾರಾದ ಹೋರಿಗೆ ಮಾನ. ಸರದಾರ ಹಿರೇಕೆರೂರಿನಲ್ಲೂ ಶಿಗ್ಗಾವಿಯಲ್ಲೂ ಯಾರ ಕೈಗೂ ಸಿಕ್ಕವನಲ್ಲ. ಮನೆಯಲ್ಲಿ ಮಾತ್ರ ಹಗ್ಗ ಬಿಚ್ಚಿದರೂ ನಿಂತಲ್ಲಿಂದ ಕದಲುತ್ತಿರಲಿಲ್ಲ.

ಕೇಸಿನ್ನಿನ ವಿಚಾರವನ್ನು ನಮ್ಮವರಿಗೆ ತಿಳಿಸಿದವನು ಹಾನಗಲ್ಲಿನ ಒಬ್ಬ ಜಿಮ್ಮಿನವನು. ದುಡಿದಾಗ ಸ್ನಾಯುವಿನ ಎಳೆಗಳು ಹರಿಯುತ್ತವೆ, ನಿದ್ದೆಯಲ್ಲಿ ಕೂಡಿಕೊಳ್ಳುತ್ತವೆ. ಕೇಸಿನ್ ಎಂದರೆ ಹಾಲಿನದೇ ಸತ್ವ. ಹೊಟ್ಟೆಯಲ್ಲಿ ಹೆಪ್ಪುಗಟ್ಟಿ, ಬೆಳಗಿನತನಕ ನಿಧಾನವಾಗಿ ಕರಗುತ್ತ ಆ ರಿಪೇರಿಗೆ ನೂಲು ಒದಗಿಸುತ್ತದೆ. ಹೊಲಿಗೆಯವಳಾದ ನನಗೆ ಇಷ್ಟು ಕೂಡಲೇ ತಿಳಿಯಿತು. ತಿಳಿಯದ್ದು, ಹೋರಿಗೇಕೆ ಎಂಬುದು.

ದನದ ಡಾಕ್ಟರೂ ಅದನ್ನೇ ಕೇಳಿದರು. “ಅಲ್ಲಪಾ, ರಾತ್ರಿಪೂರ್ತಿ ಮೆಲಕು ಹಾಕೋ ಪ್ರಾಣಿಗೆ ನಿಧಾನ ಕರಗೋ ಪುಡಿ ಯಾಕ? ಆಮಿಗೆ ಸಾವಕಾಶ ನಡಿಯೋದು ಕಲಸಾಕತ್ತೀಯೇನು?”

“ಹಂಗಾದ್ರ ಪುಡಿದೂ ಹೋರಿದೂ ಸ್ವಭಾವ ಕೂಡತೈತಲ್ರಿ ಸಾಹೇಬ್ರ,” ಅಂದರು ನಮ್ಮವರು. ಡಾಕ್ಟರು ಚೀಲ ಎತ್ತಿಕೊಂಡು ಹೋದರು.

ಆಕಳ ಹಾಲು ಡೈರಿಗೆ ಹೋಗಿ, ಎಲ್ಲೆಲ್ಲೋ ತಿರುಗಿ, ಪುಡಿಯಾಗಿ, ಚಾಕಲೇಟಿನ ವಾಸನೆ ಹಚ್ಚಿಕೊಂಡು ಮತ್ತೆ ಕೊಟ್ಟಿಗೆಗೇ ಬರುವುದು ನನಗೆ ತವರಿಗೆ ಮರಳಿದ ಮಗಳಂತೆ ತೋರುತ್ತಿತ್ತು. ಗುರುತು ಮಾತ್ರ ಹತ್ತುತ್ತಿರಲಿಲ್ಲ.

ಕುಡಿಯುವುದಕ್ಕೂ ಒಂದು ಕ್ರಮವಿತ್ತು. ಅವರು ಅರ್ಧ ಲೋಟ ಕುಡಿದು, ಉಳಿದದ್ದನ್ನು ನನ್ನ ಕಡೆ ಚಾಚುವರು. “ಒಂದ್ ಗುಟಕ ಕುಡಿ.”

“ನನಗ ಬ್ಯಾಡ್ರಿ. ನಿಮ್ಮ ಸರದಾರಗ ಕುಡಸ್ರಿ.”

ಆಗ ಆ ಎಂಜಲನ್ನು ಬಕೆಟ್ಟಿಗೆ ಸುರಿದು ಕಲಕುವರು. ಮಂಗಳವಾರವೂ ಹಾಗೇ ಆಯಿತು.

ಬುಧವಾರ ಬೆಳಿಗ್ಗೆ ಅವರು ಏಳಲಿಲ್ಲ. ಹೃದಯ ನಿಂತಿತ್ತು. ಪುಡಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಹೃದಯವೂ ಒಂದು ಸ್ನಾಯು ಎಂದು ನನಗೆ ಗೊತ್ತಾದದ್ದು ಅಲ್ಲಿಯೇ. ಹಗಲು ರಾತ್ರಿ ಬಿಡುವಿಲ್ಲದೆ ದುಡಿಯುವುದನ್ನು ಯಾವಾಗ ರಿಪೇರಿ ಮಾಡುವುದು ಎಂದು ನಾನು ಯಾರನ್ನೂ ಕೇಳಲಿಲ್ಲ.

ಸರದಾರ ಮೇವು ಬಿಟ್ಟ. ಡಾಕ್ಟರು ಸೂಜಿ ಹಾಕಿದರು. ಹುರುಳಿ ಬೇಯಿಸಿ ಇಟ್ಟೆ, ಮುಟ್ಟಲಿಲ್ಲ. ಎಂದಿನಂತೆ ಆರು ಚಮಚ ಪುಡಿ ಕಲಸಿ ಇಟ್ಟೆ, ಮೂಸಲಿಲ್ಲ. ಬಕೆಟ್ ಬದಲಿಸಿದೆ, ನೀರು ಬದಲಿಸಿದೆ. ಅವರ ಅಂಗಿ ತೊಟ್ಟುಕೊಂಡು ಹೋದೆ; ಉದ್ದಕ್ಕೂ ಮೂಸಿ ನೋಡಿ, ಒಂದು ಗುಂಡಿ ತಿಂದು ಮುಖ ತಿರುಗಿಸಿದ. ಆ ದಿನಗಳಲ್ಲಿ ಬರಿ ನೀರು ಬಿಟ್ಟರೆ ಅವನ ಹೊಟ್ಟೆಗೆ ಹೋದದ್ದೆಂದರೆ ಆ ಗುಂಡಿ.

“ಮಾರಿಬಿಡ ತಂಗಿ,” ಅಂದಳು ಪಕ್ಕದ ಮನೆಯ ಶಂಕ್ರವ್ವ. “ಎಲುವು ಎಣಿಸಾಕ ಬರಾಕತ್ತಾವ. ಸತ್ತರ ಮತ್ತ ಅಳಾಕ ನಿನ್ನ ಕಡೆ ಕಣ್ಣೀರರ ಎಲ್ಲದಾವ?”

“ಅವರು ಬೆಳಸಿದ್ದು ಅಂತ ಉಳದದ್ದು ಇದೊಂದ ಐತಿ, ಯಕ್ಕಾ,” ಅಂದೆ.

ಒಂದು ಸಂಜೆ ಬಕೆಟ್ ಇಟ್ಟು ನಿಂತಾಗ ಗಮನಿಸಿದೆ: ಸರದಾರ ಬಕೆಟ್ ನೋಡುತ್ತಿರಲಿಲ್ಲ, ನನ್ನ ಬರಿಗೈ ನೋಡುತ್ತಿದ್ದ. ಒಳಗೆ ಹೋಗಿ ಅವರ ಲೋಟ ತಂದೆ. ಪುಡಿ ಕಲಸಿ, ಮೂಗು ಹಿಡಿದು ಅರ್ಧ ಕುಡಿದೆ. ಚಾಕಲೇಟಿನಲ್ಲಿ ಗೋಡೆಯ ಸುಣ್ಣ ಕಲಸಿದಂತಿತ್ತು. ಇದನ್ನು ಒಬ್ಬ ಮನುಷ್ಯ ದಿನಾಲೂ ಮುಖ ಕಿವುಚದೆ ಕುಡಿದು, ಹೆಂಡತಿಗೂ ಪ್ರೀತಿಯಿಂದ ಚಾಚುತ್ತಿದ್ದನಲ್ಲ ಎಂದು ನಗು ಬಂತು. ಉಳಿದದ್ದನ್ನು ಬಕೆಟ್ಟಿಗೆ ಸುರಿದೆ. ಸರದಾರ ತಲೆ ಬಗ್ಗಿಸಿದ. ತಳ ನೆಕ್ಕುವ ಸದ್ದು ಕೇಳುವತನಕ ನಾನು ನಗುತ್ತಲೇ ಅಳುತ್ತಿದ್ದೆ.

ಅಂದಿನಿಂದ ಐದು ತಿಂಗಳು ತಪ್ಪದೆ ಕುಡಿದಿದ್ದೇನೆ. ಹೋರಿಯ ಎಲುಬು ಮುಚ್ಚಿದವು. ಜೊತೆಗೆ ಇನ್ನೂ ಒಂದು ಆಯಿತು.

“ನಿನ್ನ ಜಂಪರಿನ ತೋಳು ಬಿಚ್ಚಿ ಸಡಿಲ ಮಾಡೂದು ಇದು ಎರಡನೇ ಸಲ ಅಲ್ಲನು?” ಎಂದಳು ಶಂಕ್ರವ್ವ. “ದುಃಖದಾಗ ಮಂದಿ ಸೊರಗತಾರ, ನೀ ಪೈಲ್ವಾನ ಆಗಾಕತ್ತಿಯಲ್ಲ.”

ನಿಜ. ಮೇವಿನ ಹೊರೆ ಈಗ ಒಬ್ಬಳೇ ಎತ್ತುತ್ತೇನೆ. ಮರುದಿನ ತೋಳು ನೋಯುವುದಿಲ್ಲ. ಜಿಮ್ಮಿನವನ ಮಾತು ಸುಳ್ಳಲ್ಲ. ಹಗಲು ಹರಿದದ್ದು ರಾತ್ರಿ ಕೂಡಿಕೊಳ್ಳುತ್ತದೆ.

ಸರದಾರ ನನ್ನ ಎಂಜಲು ಕುಡಿದು ಮೆಲುಕು ಹಾಕುತ್ತ ಮಲಗುತ್ತಾನೆ. ನನ್ನ ಕಡೆ ಅರ್ಧ ಲೋಟ ಚಾಚುವವರು ಇಲ್ಲ.